ತಕ್ಕಡಿಗಳಿಗೊಂದು ಮನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಮಸ್ತ ಪ್ರಜೆಗಳ ಗಮನಕ್ಕೆ: ತೂಕ-ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್ ತಿಪ್ಪೇರುದ್ರಸ್ವಾಮಿಯವರು ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಸರಿಯಾಗಿ ತಮ್ಮ ಪೆನ್ನಿನ ಮುಚ್ಚಳ ತೆಗೆದರು.

ಉಯಿಲು ಬರೆಯುವುದಕ್ಕೆ. ಅದರ ಹುಯಿಲು ಆರು ತಿಂಗಳಿಂದಲೇ ಎದ್ದಿತ್ತು.

ಆಸ್ತಿ ಅಂದರೆ ಚನ್ನಗಿರಿಯ ಒಂದು ತಾರಸಿ ಮನೆ. ಮುಂದಿನ ಕೋಣೆಯಲ್ಲಿ ಒಬ್ಬಳೇ ಮಗಳು ರುದ್ರಾಣಿಯ ಎರಡು ಹೊಲಿಗೆ ಮಷೀನು. ಗಂಡ ತೀರಿಕೊಂಡ ಮೇಲೆ ಅವಳಿಗೆ ಅನ್ನವೂ ಅದೇ, ಸೂರೂ ಅದೇ. ಹಿಂದಿನ ಕೋಣೆಗಳಲ್ಲಿ ಸಾಹೇಬರು, ಮತ್ತು ಸೇವೆಯ ನೆನಪಿಗೆಂದು ಅವರು ಗುಜರಿಯಿಂದ ತಂದಿಟ್ಟ ನಲವತ್ತೊಂದು ತಕ್ಕಡಿಗಳು.

ಮನೆ ತಕ್ಕಡಿಗಳಿಗೆ ಹೋಗಬೇಕೆಂದು ಸಾಹೇಬರು ಬರೆದರು. ಹೆಸರು, ‘ತಿಪ್ಪೇರುದ್ರಸ್ವಾಮಿ ಸ್ಮಾರಕ ತಕ್ಕಡಿ ಸಂಗ್ರಹಾಲಯ’. ಮಗಳು ಮೂವತ್ತು ದಿನದಲ್ಲಿ ಖಾಲಿ ಮಾಡತಕ್ಕದ್ದು.

ಮಗಳ ಅಪರಾಧ? ಒಂದು ದಿನ ಅಪ್ಪ ಅವಳ ಟೇಪನ್ನು ತಮ್ಮ ಸರ್ಕಾರಿ ಸ್ಕೇಲಿನ ಪಕ್ಕ ಹಿಡಿದು ನೋಡಿದ್ದರು. ಅರ್ಧ ಇಂಚು ವ್ಯತ್ಯಾಸ.

“ಹಳೇದು ಅಪ್ಪಾಜಿ, ಜಗ್ಗೈತೆ,” ಅಂದಳು ರುದ್ರಾಣಿ.

“ಟೇಪು ಜಗ್ಗಲ್ಲ. ಜನ ಜಗ್ಗಿಸ್ತಾರೆ.”

ಅಂದಿನಿಂದ ಅವಳು ಮಾಡಿದ ಸಾರಿನಲ್ಲೂ ಅವರಿಗೆ ಅರ್ಧ ಇಂಚು ನೀರು ಹೆಚ್ಚಾಗಿ ಕಾಣುತ್ತಿತ್ತು.

ಇನ್ನು, ತಾವು ಸತ್ತ ಮೇಲೆ ಇದನ್ನು ಜಾರಿ ಮಾಡುವವರು ಯಾರು? ಸೇವೆ ಮಾಡಿದ ನಾಲ್ಕೂ ಊರುಗಳನ್ನು ಸಾಹೇಬರು ಮನಸ್ಸಿನಲ್ಲೇ ತೂಗಿದರು. ಹೊನ್ನಾಳಿಯ ಮೇಷ್ಟ್ರು “ಒಂದೇ ನಿಮಿಷ” ಅಂದು ಒಳಗೆ ಹೋಗಿ ಇಪ್ಪತ್ತೆರಡು ನಿಮಿಷಕ್ಕೆ ಬಂದವರು, ತಿರಸ್ಕೃತ. ಜಗಳೂರಿನ ಸ್ನೇಹಿತ ಕಾಫಿಗೆ ಸಕ್ಕರೆಯನ್ನು ಕೈಯಂದಾಜಿನಲ್ಲಿ ಹಾಕುವ ಅನಾಗರಿಕ. ತಮ್ಮನ ಮಗ ವಿನಯ್ ಕುಮಾರನನ್ನು ಕರೆದು “ಒಂದು ವಿಷಯ ಐತೆ ಕಣೋ” ಅಂದರೆ, ವಿಷಯ ಕೇಳುವ ಮೊದಲೇ “ಆಗ್ಲಿ ದೊಡ್ಡಪ್ಪ” ಅಂದ. ವಿನಯಕ್ಕೆ ಅವನನ್ನು ಸಂಗ್ರಹಾಲಯದ ಆಜೀವ ಅಧ್ಯಕ್ಷನನ್ನಾಗಿ ಮಾಡಬಹುದು. ನಂಬಿಕೆಗೆ ಅವನು ನಾಲಾಯಕ್ಕು.

ಉಳಿದವನು ನ್ಯಾಮತಿಯಲ್ಲಿ ತಕ್ಕಡಿ ರಿಪೇರಿ ಮಾಡುವ ಬಡೇಸಾಬ. ಇಪ್ಪತ್ತು ವರ್ಷದ ಹಿಂದೆ ಸಾಹೇಬರು ಅವನ ಅಂಗಡಿಯನ್ನು ತಪಾಸಣೆ ಮಾಡಿ, ಎಲ್ಲ ಸರಿ ಎಂದು ಜೀಪು ಹತ್ತಿದ್ದರು. ಬಡೇಸಾಬ ಹಿಂದೆಯೇ ಓಡಿ ಬಂದಿದ್ದ.

“ಸಾಹೇಬ್ರೇ, ಕಾಲು ಕಿಲೋ ಕಲ್ಲು ಸವೆದೈತೆ. ನೀವು ನೋಡಲಿಲ್ಲ. ಫೈನ್ ಹಾಕ್ರಿ.”

ಅಂಥ ಮೂರ್ಖನನ್ನು ಸಾಹೇಬರು ಮತ್ತೆ ಕಂಡಿರಲಿಲ್ಲ.

ಬಡೇಸಾಬ ಬಸ್ಸು ಹತ್ತಿ ಬಂದ. ಎರಡನೇ ಸಾಕ್ಷಿಯಾಗಿ ಎದುರುಮನೆಯ ತಿಮ್ಮೇಶ. ನೋಂದಣಿ ಕಚೇರಿಗೆ ಹೋಗೋಣ ಎಂದು ಬಡೇಸಾಬ ಅಂದದ್ದಕ್ಕೆ, ಅಲ್ಲಿ ಸಾಲಿನಲ್ಲಿ ಹಿಂದೆ ನಿಂತವರು ಹೆಗಲ ಮೇಲಿಂದ ಓದುತ್ತಾರೆ ಎಂದು ಸಾಹೇಬರು ಒಪ್ಪಲಿಲ್ಲ. ಜಗಲಿಯಲ್ಲೇ ಕೂರಿಸಿ, ಉಯಿಲಿನ ಮೇಲೆ ಪೇಪರ್ ಮುಚ್ಚಿ, ಎರಡು ಬೆರಳಗಲದ ಜಾಗ ಮಾತ್ರ ತೋರಿಸಿದರು.

“ಇಲ್ಲಿ ಸಹಿ ಹಾಕ್ರಿ. ಇಣುಕಬೇಡ್ರಿ.”

“ಇಣುಕಾಕೆ ಇದೇನು ಮದುವಿ ಹೆಣ್ಣೇನ್ರೀ?” ಅಂದ ತಿಮ್ಮೇಶ.

ಇಬ್ಬರೂ ಹಾಕಿದರು. ಸಾಹೇಬರು ಹಾಳೆ ಎದೆಗವಚಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹತ್ತು ನಿಮಿಷದ ಮೇಲೆ ಅಂಟು ಹಚ್ಚಿದ ಲಕೋಟೆ ಹೊರಬಂತು.

“ಇದ್ರಲ್ಲಿ ಇದ್ದಂಗೆ ನಡೆಸ್ತೀಯೇನೋ?”

“ಜುಬಾನ್ ಕೊಟ್ಟೆ ಸಾಹೇಬ್ರೇ, ಮಾತು ತಪ್ಪಲ್ಲ.”

ಎಂಟು ತಿಂಗಳಿಗೆ ಸಾಹೇಬರ ಹೃದಯ ಹೇಳದೆ ಕೇಳದೆ ನಿಂತಿತು. ಸರ್ವಿಸಿನಲ್ಲಿದ್ದಿದ್ದರೆ ಅದಕ್ಕೂ ನೋಟಿಸ್ ಕೊಡುತ್ತಿದ್ದರು. ತಿಥಿ ಮುಗಿದ ಮರುದಿನ ಬಡೇಸಾಬ ಲಕೋಟೆ ಒಡೆದು, ರುದ್ರಾಣಿಯ ಮುಂದೆಯೇ ಓದಿದ.

“ನಾಲ್ಕು ವರ್ಷ ಅಪ್ಪಾಜಿಗೆ ಬೇಯಿಸಿ ಹಾಕಾಕೆ ನಾನು ಬೇಕಾಗಿದ್ದೆ,” ಅಂದಳು ರುದ್ರಾಣಿ. “ಮನಿ ಮಾತ್ರ ತಕ್ಕಡಿಗಳಿಗಾ, ಬಡೇಸಾಬಣ್ಣ?”

“ನಿನ್ನ ಮಾತು ಖರೇ ಐತೆ ತಂಗಿ. ಆದ್ರೆ ಜುಬಾನ್ ಕೊಟ್ಟೀನಲ್ಲ.”

“ಹಂಗಾದ್ರೆ ನಾನೂ ಹೇಳ್ತೀನಿ. ಮಷೀನು ಎತ್ತಲ್ಲ.”

ಎತ್ತಲಿಲ್ಲ. ಮೂವತ್ತೊಂದನೇ ದಿನ ಬಡೇಸಾಬ ಕೋರ್ಟಿಗೆ ಹೋದ. ವಾಯಿದೆ ವಾಯಿದೆಗೂ ನ್ಯಾಮತಿಯಿಂದ ಬಂದು ಬೆಂಚಿನ ತುದಿಗೆ ಕೂತ. ರುದ್ರಾಣಿ ಅವನತ್ತ ಮುಖ ತಿರುಗಿಸುವುದನ್ನೇ ಬಿಟ್ಟಳು. ವಿನಯ್ ಕುಮಾರ ಆಗಲೇ ವಿಸಿಟಿಂಗ್ ಕಾರ್ಡು ಮಾಡಿಸಿದ್ದ: ‘ಆಜೀವ ಅಧ್ಯಕ್ಷರು’. ಯಾರ ಜೀವ ಎಂದು ಬರೆಸಿರಲಿಲ್ಲ.

ಸಾಕ್ಷಿ ಹೇಳುವ ದಿನ ವಿನಯನೇ ಬಡೇಸಾಬನನ್ನು ಕಂಬದ ಮರೆಗೆ ಕರೆದ.

“ಚಾಚಾ, ಬರೀ ಒಂದು ಮಾತೈತೆ. ದೊಡ್ಡಪ್ಪ ಸಹಿ ಮಾಡಿದ್ದನ್ನ ಇಬ್ರೂ ಕಣ್ಣಾರೆ ನೋಡಿ, ಆಮ್ಯಾಲೆ ಸಾಕ್ಷಿ ಹಾಕಿದ್ವಿ ಅನ್ರಿ. ಕಾನೂನಿಗೆ ಅಷ್ಟೇ ಬೇಕು. ಇಲ್ಲಾಂದ್ರೆ ಉಯಿಲು ರದ್ದಿ, ಮನಿ ರುದ್ರಾಣಿ ಪಾಲಾಗ್ತೈತೆ. ದೊಡ್ಡಪ್ಪನ ಕಡೇ ಆಸೆ, ನಿಮ್ಮ ಕೈಯಾಗೈತೆ.”

ಬಡೇಸಾಬ ತಲೆಯಾಡಿಸಿದ.

ಮೊದಲು ತಿಮ್ಮೇಶ ಕಟಕಟೆ ಹತ್ತಿದ. ವಿನಯ ಕೊಡಿಸಿದ ಬೆಣ್ಣೆದೋಸೆ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿತ್ತು. “ನೋಡಿದೆ ಸ್ವಾಮಿ, ಕಣ್ಣಾರೆ,” ಅಂದು ಇಳಿದ. ರುದ್ರಾಣಿ ಸೆರಗಿನ ತುದಿ ಬಿಗಿಹಿಡಿದಳು.

ಬಡೇಸಾಬ ಹತ್ತಿದ. ಉಯಿಲನ್ನು ಜಾರಿ ಮಾಡಲೇಬೇಕೆಂದು ಒಂದೂವರೆ ವರ್ಷ ಚಪ್ಪಲಿ ಸವೆಸಿದವನು ಇವನೇ. ವಿನಯ ನಿರಾಳವಾಗಿ ಕಾಲ ಮೇಲೆ ಕಾಲು ಹಾಕಿದ. ವಕೀಲರು, ತಿಪ್ಪೇರುದ್ರಸ್ವಾಮಿಯವರು ಸಹಿ ಹಾಕಿದ್ದನ್ನು ನೀವು ನೋಡಿದಿರಾ ಎಂದು ಕೇಳಿದರು.

“ಹೆಂಗೆ ನೋಡ್ಲಿ ಸ್ವಾಮಿ? ನಮ್ಮಿಬ್ರ ಸಹಿ ತಗಂಡಮ್ಯಾಲೆ, ಒಳಗೆ ಹೋಗಿ ಚಿಲಕ ಹಾಕ್ಕಂಡು ಹಾಕಿದ್ರಲ್ಲ.”