ರೋಗಿಗೇ ಹೇಳಿ

ಹೃದ್ರೋಗ ವಿಭಾಗದ ಮುಖ್ಯಸ್ಥರು ಹೆಂಗಸರ ಶಾಲೊಂದನ್ನು ಹೊದ್ದು ಮಂಚದ ಮೇಲೆ ಕೂತರು. ತರಬೇತಿಗೆ ಬಂದಿದ್ದ ಕಿರಿಯ ಡಾಕ್ಟರುಗಳು ಮುಸಿಮುಸಿ ನಕ್ಕರು.

"ನಾನೀಗ ಎಪ್ಪತ್ತು ದಾಟಿದ ಹೆಂಗಸು. ಹೃದಯ ಸೋತಿದೆ, ಆಪರೇಷನ್ ತಡೆಯಲ್ಲ. ಕಾರಿಡಾರಿನಲ್ಲಿ ಮನೆಯವರ ಹತ್ತಿರ ಪಿಸುಗುಟ್ಟೋದಲ್ಲ, ನನಗೇ ಹೇಳಿ."

"ದೇವರ ಮೇಲೆ ಭಾರ ಹಾಕಿ..." ಎಂದು ಒಬ್ಬ ಶುರುಮಾಡಿದ.

"ಅದಕ್ಕೆ ಪೂಜಾರಿ ಸಾಕು, ನೀನ್ಯಾಕೆ? ಮುಂದಿನವರು!"

ಒಬ್ಬಳು ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. "ಅಮ್ಮಾ, ನಿಮ್ಮ ಹೃದಯ ಇನ್ನು ಸರಿಹೋಗಲ್ಲ. ಹೆಚ್ಚು ದಿನ ಇಲ್ಲ. ಸಂಕಟ ಆಗದ ಹಾಗೆ ಕೊನೇವರೆಗೂ ನಾನು ನೋಡ್ಕೋತೀನಿ."

ಈಗ ಯಾರೂ ನಗಲಿಲ್ಲ. ಮುಖ್ಯಸ್ಥರು ಶಾಲನ್ನು ನಿಧಾನವಾಗಿ ಮಡಚಿದರು.

"ಸಂಜೆ ನಮ್ಮನೆಗೆ ಬಾಮ್ಮ. ಇದನ್ನೇ ನನ್ನ ಹೆಂಡತಿಗೆ ಹೇಳು. ನನಗೆ ಬಾಯಿ ಬರ್ತಿಲ್ಲ."