ಮುಟ್ಟಿ ನೋಡದೆ ಹೇಳಿದ ಮಾತು

ಆಪರೇಷನ್ ಥಿಯೇಟರಿನ ಮುಂದೆ ಮಂಡಿಯೂರಿದ್ದ ಹೆಂಡತಿ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಪಕ್ಕದಲ್ಲಿ ನಿಂತಿದ್ದ ಎಲೆಕ್ಟ್ರಿಷಿಯನ್ ಗಂಡ ಬೆಚ್ಚಿಬಿದ್ದ. ಒಳಗೆ ಮೂರು ಗಂಟೆಯಿಂದ ಅವರ ಮಗಳ ಹೃದಯದ ಕವಾಟ ಸರಿಮಾಡುತ್ತಿದ್ದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವಳ ಪ್ರಾರ್ಥನೆ ನಡುವೆ ನಿಂತದ್ದನ್ನು ಅವನು ಕಂಡಿರಲಿಲ್ಲ.

“ರೀ, ಆ ಕಡೆ ಯಾರೂ ಕೇಳಿಸ್ಕೊಳ್ತಾನೇ ಇಲ್ಲ ಅನ್ಸುತ್ತೆ. ನೀವು ಹೇಳಿ, ದೇವರು ಇದ್ದಾನಾ?”

“ನನ್ನ ಕೇಳ್ತೀಯಲ್ಲೇ! ನಾನು ಚರ್ಚಿಗೆ ಬರೋದೇ ಫ್ಯಾನು ಕೆಟ್ಟಾಗ.”

“ಅದಕ್ಕೇ ಕೇಳ್ತಿರೋದು. ನೀವು ಸುಮ್‌ಸುಮ್ನೆ ಹೂಂ ಅನ್ನೋರಲ್ಲ.”

ಅದು ನಿಜ. ಮೇನ್ ಸ್ವಿಚ್ ಆರಿಸಿದೀನಿ ಎಂದು ಯಾರು ಆಣೆ ಮಾಡಿದರೂ ಅವನು ಟೆಸ್ಟರ್ ಇಡದೆ ತಂತಿ ಮುಟ್ಟಿದವನಲ್ಲ. ಆ ಟೆಸ್ಟರನ್ನೂ ನಂಬದೆ, ಮೊದಲು ಕರೆಂಟಿರುವ ಕಡೆ ಇಟ್ಟು, ಅದರ ಪುಟ್ಟ ದೀಪ ಹತ್ತುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದ. ಏಸುವಿನ ಗಾಯಕ್ಕೆ ಬೆರಳಿಡದೆ ನಂಬೆನೆಂದ ಶಿಷ್ಯನ ಹೆಸರನ್ನೇ ಮಾವನ ಮನೆಯವರು ಇವನಿಗೂ ಅಂಟಿಸಿ, ‘ನಮ್ಮ ತೋಮ’ ಎಂದು ನಗುತ್ತಿದ್ದರು.

ಅವನ ಕೈ ಅಭ್ಯಾಸಬಲದಿಂದ ಜೇಬಿನ ಟೆಸ್ಟರಿಗೆ ಹೋಯಿತು. ಅದನ್ನು ಎಲ್ಲಿ ಇಟ್ಟು ನೋಡುವುದು? ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು.

“ಇದ್ದಾನೆ,” ಎಂದ.

“ಖಂಡಿತಾನಾ?”

“ಇದ್ದಾನೆ ಕಣೇ.”

ಅವಳು ಕಣ್ಣು ಮುಚ್ಚಿ, ನಿಲ್ಲಿಸಿದಲ್ಲಿಂದಲೇ ಪ್ರಾರ್ಥನೆ ಮುಂದುವರಿಸಿದಳು. ಅವನು ಜೇಬಿನೊಳಗಿನ ಟೆಸ್ಟರನ್ನು ಬಿಗಿಯಾಗಿ ಹಿಡಿದುಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ.