ಅಕ್ಕ ಬೈದ ಹದ್ದು

ಚಿಕ್ಕವನಿದ್ದಾಗ ಒಮ್ಮೆ ಅಕ್ಕನ ಕೋಳಿಮರಿಗಳನ್ನು ನಾನು ನೆಟ್ಟಗೆ ಕಾಯಲಿಲ್ಲ. ಅವಳು ಅವನ್ನು ಬಿದಿರಿನ ಮಂಕರಿಯಡಿ ಮುಚ್ಚಿ, ಮೇಲೊಂದು ಕಲ್ಲು ಹೇರಿ ಹೋಗಿದ್ದಳು. ಕಾಡುಬಾದಾಮಿ ಕಾಯಿ ಜಜ್ಜಲೆಂದು ಆ ಕಲ್ಲು ತೆಗೆದವನು ಮತ್ತೆ ಇಡಲು ಮರೆತೆ. ನಾನು ಕೂಗುವಷ್ಟರಲ್ಲಿ ಮುಂಗುಸಿ ಮಂಕರಿ ಮಗುಚಿ, ಒಂದು ಮರಿಯನ್ನು ಕಚ್ಚಿಕೊಂಡು ಓಡಿತು. ಅಕ್ಕನಿಗೆ, “ಹದ್ದು ಎತ್ಕಂಡೋಯ್ತು” ಅಂದೆ.

ಮಧ್ಯಾಹ್ನವೆಲ್ಲ ಅವಳು ತಟ್ಟೆ ಬಡಿಯುತ್ತಾ ಆಕಾಶಕ್ಕೆ ಬೈದಳು. “ಇಳ್ದು ಬಾರ್ಲಾ ಹದ್ದೇ, ನಿನ್ ರೆಕ್ಕೆ ಕಿತ್ತು ಪರಕೆ ಕಟ್ತೀನಿ!” ನಾನೂ ಚೊಂಬು ಬಡಿದು ಕುಣಿದೆ. ಬಾದಾಮಿ ಹಣ್ಣು ತಿಂದು ಕೆಂಪಾಗಿದ್ದ ನನ್ನ ಬಾಯಿ ನೋಡಿ ಅಜ್ಜಿ ನಕ್ಕಳು. “ಮಂಕ್ರಿ ಮಗ್ಚೋ ಹದ್ದ ನಾ ಕಾಣೆ ಕಣ್ಲಾ.”

ಎಷ್ಟೋ ವರ್ಷಗಳ ಮೇಲೆ, ಇವತ್ತು ಯಳಂದೂರಿನಲ್ಲಿ ಅಕ್ಕನ ಮನೆಯ ಹಿತ್ತಲಲ್ಲಿ ಹೊಸ ಮಂಕರಿಯ ಬಿದಿರು ಘಮ್ಮೆಂದಿತು. ಅವಳು ಹದ್ದು ಬರದಂತೆ ಮೇಲೆ ಬಲೆ ಕಟ್ಟುತ್ತಿದ್ದಳು.

“ಹದ್ದಲ್ಲ ಕಣಕ್ಕ, ಮುಂಗುಸಿ. ಕಲ್ಲು ತೆಗ್ದಿದ್ದು ನಾನೇ. ತಪ್ಪಾಯ್ತು.”